ಎಂಟು ಟೋಪಿ

ಹೊರಗೆ ಹೋಗುವುದೇ ಅವಳ ಕೆಲಸ. ದಿನಕ್ಕೆ ನಾಲ್ಕು ಸಲ ಹೊರಗೆ ಹೋಗಬೇಕು. ನಾಲ್ಕು ಸಲ ಹೊರಗೆ ಹೋಗಬೇಕೆಂದರೆ ಯಾರಿಗೂ ಕಾಣದಂತೆ ಮೂರು ಸಲ ಒಳಗೆ ಬರಬೇಕಲ್ಲ, ಆ ಮಾತನ್ನು ಕೆಲಸಕ್ಕೆ ಸೇರಿಸಿಕೊಳ್ಳುವಾಗ ಯಾರೂ ಎತ್ತಲಿಲ್ಲ.

ಕೇಳಿದವರು ನಗುತ್ತಾರೆ. ನಗಲಿ. ಮೊಣಕಾಲು ಅವರದ್ದಲ್ಲ.

ನದಿಯ ದಂಡೆಯಲ್ಲಿ ಒಂದು ಮರದ ಗೂಡು. ಮೇಲೆ ಒಣಹುಲ್ಲು, ಮುಂದೆ ಹಸಿರು ಬಲೆ, ಬಲೆಯಲ್ಲಿ ಗೇಣಗಲದ ಸೀಳು. ಸೀಳಿನ ಹಿಂದೆ ಮೆತ್ತೆ ಹಾಕಿದ ಕುರ್ಚಿಗಳು. ಕುರ್ಚಿಗಳಲ್ಲಿ ಊರಿನ ದೊಡ್ಡವರು, ಅವರ ಮುಂದೆ ಅವರಿಗಿಂತ ದೊಡ್ಡ ಕ್ಯಾಮೆರಾಗಳು. ಅಲ್ಲಿ ಕೂತು ನದಿಯ ಹಕ್ಕಿಗಳ ಫೋಟೋ ತೆಗೆಯುತ್ತಾರೆ. ಹಕ್ಕಿಗೆ ಮನುಷ್ಯ ಕಾಣಬಾರದು, ಅಷ್ಟೇ ಅದರ ಗುಟ್ಟು. ಧಣಿ ಅದನ್ನು ಹೈಡ್ ಎನ್ನುತ್ತಿದ್ದ. ಅವಳು ಗೂಡು ಎನ್ನುತ್ತಿದ್ದಳು.

ಧಣಿಗೆ ಒಂದು ಸಿದ್ಧಾಂತವಿತ್ತು. ಹಕ್ಕಿಗಳು ಎಣಿಸುತ್ತವೆ. ನಾಲ್ಕು ಜನ ಗೂಡಿನೊಳಗೆ ಹೋದದ್ದನ್ನು ಅವು ಎದುರು ದಂಡೆಯಿಂದ ನೋಡಿರುತ್ತವೆ. ನಾಲ್ಕು ಜನ ಹೊರಗೆ ಹೋದದ್ದನ್ನು ಕಣ್ಣಾರೆ ನೋಡುವವರೆಗೂ ಇತ್ತ ಸುಳಿಯುವುದಿಲ್ಲ. ಆದರೆ ನಾಲ್ವರೂ ಹೊರಗೆ ಹೋಗಿಬಿಟ್ಟರೆ ಫೋಟೋ ತೆಗೆಯುವವರು ಯಾರು? ಆದ್ದರಿಂದ ಇವಳು ಒಬ್ಬಳೇ ನಾಲ್ಕು ಜನರಾಗಿ ಹೊರಗೆ ಹೋಗಬೇಕು.

ಅದಕ್ಕೆ ನಾಲ್ಕು ಟೋಪಿ. ಒಣಹುಲ್ಲಿನ ಟೋಪಿ ಹಾಕಿಕೊಂಡರೆ ಬೆನ್ನು ಬಗ್ಗಿಸಿ ಮುದುಕನ ನಡಿಗೆ. ಕಪ್ಪು ಟೋಪಿಗೆ ಎದೆ ಸೆಟೆಸಿ ಅಧಿಕಾರಿಯ ನಡಿಗೆ. ಉಣ್ಣೆ ಟೋಪಿಗೆ ಕುಂಟು ನಡಿಗೆ. ಅಗಲ ಅಂಚಿನ ಬಿಳಿ ಟೋಪಿಗೆ ಹೆಂಗಸಿನ ನಡಿಗೆ. ಮೊದಲ ಮೂರಕ್ಕೆ ಧಣಿಯ ತಕರಾರಿರಲಿಲ್ಲ. ನಾಲ್ಕನೆಯದು ಮಾತ್ರ ಅವನಿಗೆ ಸರಿಬರಲಿಲ್ಲ.

"ಅದು ಹೆಂಗಸಿನ ಥರ ಇಲ್ಲ," ಎಂದಿದ್ದ.

ನಲವತ್ತೆರಡು ವರ್ಷದಿಂದ ಅವಳು ಹೆಂಗಸಾಗಿಯೇ ನಡೆಯುತ್ತಿದ್ದಳು. ಧಣಿ ಕೇಳಲಿಲ್ಲ. ತಾನೇ ಬಿಳಿ ಟೋಪಿ ಹಾಕಿಕೊಂಡು, ಹೊಟ್ಟೆಯನ್ನು ಒಂದು ಕಡೆಗೂ ಸೊಂಟವನ್ನು ಇನ್ನೊಂದು ಕಡೆಗೂ ಕಳಿಸುತ್ತ ಹತ್ತು ಹೆಜ್ಜೆ ನಡೆದು ತೋರಿಸಿದ. ಅಂದಿನಿಂದ ಅವಳು ಹಾಗೇ ನಡೆದಳು. ಊರಲ್ಲಿ ಎಲ್ಲರೂ ಅವಳನ್ನು ಟೋಪಿಯಕ್ಕ ಎಂದರು.

ಒಂದು ಟೋಪಿಯಲ್ಲಿ ಹೊರಗೆ ಹೋದವಳು ದಾರಿ ತಿರುಗಿ ಪೊದೆಯ ಹಿಂದೆ ಮರೆಯಾಗಬೇಕು. ಅಲ್ಲಿ ಸಿಮೆಂಟಿನ ಹಳೇ ಚರಂಡಿ ಪೈಪೊಂದರ ಬಾಯಿ. ಟೋಪಿ ತೆಗೆದು ಅಂಗಿಯೊಳಗೆ ತುರುಕಿಕೊಂಡು ಅದರೊಳಗೆ ಹೊಟ್ಟೆಯ ಮೇಲೆ ತೆವಳಬೇಕು. ಅರವತ್ತು ಅಡಿ. ಮೊಣಕೈ, ಮೊಣಕಾಲು, ಗಲ್ಲ. ಒಳಗೆ ಕೊಳೆತ ಎಲೆಯ ನೀರು ನಾಲ್ಕು ಬೆರಳು ನಿಂತಿರುತ್ತಿತ್ತು. ನಡುವಿನಲ್ಲಿ ಒಂದು ದಪ್ಪ ಕಪ್ಪೆ ಸಂಸಾರ ಹೂಡಿತ್ತು. ಅವಳು ಬಂದಾಗಲೆಲ್ಲ ಅದು ಗೋಡೆಗೆ ಒತ್ತಿಕೊಂಡು ದಾರಿ ಬಿಡುತ್ತಿತ್ತು. ಆ ಜಾಗದಲ್ಲಿ ಅವಳಿಗೆ ದಾರಿ ಬಿಟ್ಟ ಜೀವ ಅದೊಂದೇ. ಪೈಪಿನ ಇನ್ನೊಂದು ತುದಿ ಗೂಡಿನ ನೆಲದಡಿಗೆ. ಅಲ್ಲಿ ಮರದ ಮುಚ್ಚಳ. ತಲೆಯಿಂದ ಮುಚ್ಚಳ ಎತ್ತಿ ಮೇಲೆ ಬಂದು, ಮುಂದಿನ ಟೋಪಿ ಹಾಕಿಕೊಂಡು, ಮತ್ತೆ ಬಾಗಿಲಿನಿಂದ ಹೊರಗೆ.

ಪೈಪು ಇಕ್ಕಟ್ಟು ಎಂದು ಅವಳು ಒಮ್ಮೆ ಹೇಳಿದ್ದಳು.

"ನಾಯಿ ಹೋಗುತ್ತಲ್ಲ," ಎಂದಿದ್ದ ಧಣಿ.

ಗೂಡಿನ ಬಾಗಿಲಿನಿಂದ ದಾರಿಯವರೆಗೆ ನೀರಿನ ಮೇಲೆ ಹಲಗೆ ಹಾಸಿತ್ತು. ಅದು ಅತಿಥಿಗಳಿಗೆ. ಅವಳ ಕಾಲಿನ ಕೆಸರಿನಿಂದ ಹಲಗೆ ಜಾರುತ್ತದೆಂದು ಅವಳು ಹಲಗೆ ಹತ್ತುವಂತಿರಲಿಲ್ಲ. ಹಲಗೆಯ ಪಕ್ಕದ ನೀರಿನಲ್ಲೇ ಮೊಣಕಾಲುದ್ದ ಇಳಿದು ಹೋಗಬೇಕು. ಬೆಳಿಗ್ಗೆ ಅತಿಥಿಗಳ ಚೀಲ ತಲೆಯ ಮೇಲೆ ಹೊತ್ತು ಬರುವಾಗಲೂ ಅಷ್ಟೆ. ಅವರು ಮೇಲೆ, ಅವರ ಚೀಲ ಮೇಲೆ, ಅವಳು ಕೆಳಗೆ. ಗೂಡಿನಲ್ಲಿ ಪರದೆ ಕಟ್ಟಿದ ಒಂದು ಪುಟ್ಟ ಕಕ್ಕಸು ಇತ್ತು. ಅದನ್ನು ತೊಳೆಯುವವಳು ಅವಳು, ಬಳಸುವವಳಲ್ಲ. ನಾಲ್ಕನೇ ಟೋಪಿ ಮುಗಿದ ಮೇಲೆ ರಸ್ತೆಯ ಸೇತುವೆಯ ಕೆಳಗೆ ಕೂತು, ಒದ್ದೆ ಬಟ್ಟೆಯಲ್ಲಿ ಮೂರು ಗಂಟೆ ಕಾಯಬೇಕು. ಅತಿಥಿಗಳ ಕೆಲಸ ಮುಗಿದ ಮೇಲೆ ಮತ್ತೆ ಚೀಲ.

ಹೀಗೆ ಮೂರು ವರ್ಷ.

ಅವಳ ಮನೆ ಸೈಕಲ್ ರಿಪೇರಿ ಅಂಗಡಿಯ ಮೇಲಿನ ಒಂಟಿ ಕೋಣೆ. ಗಂಡ ಲಾರಿ ಓಡಿಸುತ್ತಿದ್ದ, ಹದಿನೈದು ದಿನಕ್ಕೊಮ್ಮೆ ಮುಖ ತೋರಿಸುತ್ತಿದ್ದ. ಉಳಿದ ದಿನ ಅವಳೂ ಅತ್ತೆಯೂ. ಅತ್ತೆಗೆ ಕಣ್ಣು ಮಂಜು, ನಾಲಿಗೆ ಮಾತ್ರ ಚೂಪಾಗಿಯೇ ಉಳಿದಿತ್ತು. ಸಂಜೆ ಸೊಸೆಯ ಕಾಲನ್ನು ತೊಡೆಯ ಮೇಲೆ ಎಳೆದುಕೊಂಡು ಮೊಣಕಾಲಿಗೆ ಬಿಸಿ ಎಣ್ಣೆ ತಿಕ್ಕುತ್ತಿದ್ದಳು. ಎಡ ಮೊಣಕಾಲು ಊದಿಕೊಂಡು ಮಡಚಲು ಬರುತ್ತಿರಲಿಲ್ಲ.

"ಹಕ್ಕಿ ಎಣಿಸುತ್ತೆ ಅಂತ ಅವನಿಗೆ ಹೇಳಿದ್ದು ಯಾರು?" ಎಂದು ಒಂದು ಸಂಜೆ ಅತ್ತೆ ಕೇಳಿದಳು. "ಹಕ್ಕೀನೇ ಬಂದು ಕಿವೀಲಿ ಹೇಳ್ತಾ?"

"ಎಲ್ಲೋ ಓದಿದಾರಂತೆ ಅತ್ತೆ."

"ಓದ್ಲಿ. ನೀನೂ ಸೇರಿ ಐದು ಜನ ಒಳಗೆ ಹೋಗ್ತೀರ. ನೀನು ಹೊರಗೆ ಬರೋದು ನಾಲ್ಕೇ ಸಲ. ಹಾಗಾದ್ರೆ ಹಕ್ಕಿ ಪ್ರಕಾರ ಒಬ್ಬರು ಒಳಗೇ ಉಳಿದ್ರಲ್ಲ. ಆದ್ರೂ ಯಾಕೆ ಬರ್ತವೆ?"

ಎಣ್ಣೆಯ ಕೈ ಅಲ್ಲೇ ನಿಂತಿತು. ಸೊಸೆ ಬೆರಳು ಮಡಚಿ ನೋಡಿದಳು. ಮುದುಕಿ ಹೇಳಿದ್ದು ಸರಿಯಾಗಿತ್ತು. ಮೂರು ವರ್ಷದಲ್ಲಿ ಇದು ಯಾರ ತಲೆಗೂ ಹೊಳೆದಿರಲಿಲ್ಲ.

ಮರುದಿನ ಅವಳು ಧಣಿಯನ್ನು ಕೇಳಿದಳು. ಧಣಿ ಕಾರಿಗೆ ಒರಗಿ ಬಿಸ್ಕತ್ತು ತಿನ್ನುತ್ತಿದ್ದ. ಎರಡು ಬಿಸ್ಕತ್ತು ಮುಗಿಯುವವರೆಗೆ ಯೋಚಿಸಿದ. ಆಮೇಲೆ ಅವಳನ್ನು ತಲೆಯಿಂದ ಕಾಲಿನವರೆಗೆ ನೋಡಿ, ನಿಜವಾಗಿಯೂ ಅರ್ಥವಾಗದವನಂತೆ ಕೇಳಿದ:

"ನಿನ್ನನ್ನ ಯಾಕೆ ಎಣಿಸ್ತವೆ?"

ಅದರಲ್ಲಿ ಕೋಪವಿರಲಿಲ್ಲ. ತಮಾಷೆಯೂ ಇರಲಿಲ್ಲ. ಅವಳು ಚೀಲ ಎತ್ತಿಕೊಂಡು ನಡೆದಳು. ಆ ಮಾತು ಚಪ್ಪಲಿಯೊಳಗಿನ ಕಲ್ಲಿನಂತೆ ಅವಳೊಟ್ಟಿಗೇ ನಡೆಯಿತು.

ಮುಂದಿನ ತಿಂಗಳು ಧಣಿ ಗೂಡನ್ನು ದೊಡ್ಡದು ಮಾಡಿಸಿದ. ನಾಲ್ಕು ಕುರ್ಚಿಯ ಜಾಗದಲ್ಲಿ ಎಂಟು ಕುರ್ಚಿ. ರಸ್ತೆಯ ಬದಿಯಲ್ಲಿ ಒಂದು ಫಲಕ ನಿಲ್ಲಿಸಿದ. ಫಲಕದ ಮೇಲೆ ಕಪ್ಪು ಕೊಕ್ಕರೆಯ ಚಿತ್ರ. ಕೆಂಪು ಕೊಕ್ಕು, ಕೆಂಪು ಕಾಲು, ಮೈಯೆಲ್ಲ ಮಿರುಗುವ ಕಪ್ಪು. ಬಲು ಸಂಕೋಚದ ಹಕ್ಕಿ. ಮೂರು ವರ್ಷದಲ್ಲಿ ಎರಡೇ ಸಲ ಎದುರು ದಂಡೆಯಲ್ಲಿ ಕಂಡಿತ್ತು, ಅದೂ ಬೆನ್ನು. ಅದರ ಫೋಟೋ ಯಾರ ಬಳಿಯೂ ಇಲ್ಲದ್ದರಿಂದ ಪೇಂಟರು ಊಹೆಯ ಮೇಲೆ ಬರೆದಿದ್ದ. ನೋಡಿದರೆ ಕೋಟು ತೊಟ್ಟ ಕೋಳಿಯಂತಿತ್ತು. ಆದರೂ ಜನ ಅದಕ್ಕಾಗಿಯೇ ಸಾಲುಗಟ್ಟಿದರು.

"ಎಂಟು ಜನಕ್ಕೆ ನನ್ನೊಬ್ಬಳ ಕೈಲಿ ಆಗಲ್ಲ ಸಾರ್," ಎಂದಳು ಅವಳು. "ಪೈಪಲ್ಲಿ ಏಳು ಸಲ ತೆವಳಬೇಕು. ಕಾಲು ಮಡಚೋಕೇ ಬರ್ತಿಲ್ಲ. ಇನ್ನೊಬ್ಬರನ್ನ ಸೇರಿಸಿಕೊಳ್ಳಿ."

"ನಿನ್ನ ಕಷ್ಟ ನಂಗೆ ಗೊತ್ತಾಗಲ್ವಾ?" ಎಂದ ಧಣಿ. ಕಾರಿನ ಹಿಂದುಗಡೆ ಹೋಗಿ ಒಂದು ದೊಡ್ಡ ಚೀಲ ತಂದ. ಮುಖದಲ್ಲಿ ಮಗಳ ಮದುವೆಗೆ ಸೀರೆ ತಂದವನ ಕಳೆ. ಚೀಲವನ್ನು ಅವಳ ಕೈಗಿಟ್ಟ.

ಒಳಗೆ ಇನ್ನೂ ನಾಲ್ಕು ಟೋಪಿಗಳಿದ್ದವು. ಎಂಟನೆಯದಕ್ಕೆ ಸುತ್ತಲೂ ಪ್ಲಾಸ್ಟಿಕ್ ಹೂವು.

ಎಂಟು ಜನರ ಮೊದಲ ದಿನ. ಬಿಸಿಲು ಇನ್ನೂ ಎಳೆಯದು. ಅತಿಥಿಗಳು ಹಲಗೆಯ ಮೇಲೆ ಸಾಲಾಗಿ ಬಂದರು. ಮುಂದೆ ಹಲ್ಲಿನ ಡಾಕ್ಟರು, ಹಿಂದೆ ಅವರ ಹೆಂಡತಿ, ಆಮೇಲೆ ಕೆಮ್ಮು ಹತ್ತಿದ ಒಬ್ಬ ವಕೀಲರು. ಉಳಿದ ಐವರು ಒಂದೇ ಬಣ್ಣದ ಜೇಬು ಜೇಬಿನ ಅಂಗಿ ತೊಟ್ಟಿದ್ದರಿಂದ ಅವರನ್ನು ಬೇರೆ ಬೇರೆಯಾಗಿ ಹೇಳುವ ಅಗತ್ಯವಿಲ್ಲ. ಧಣಿಯೂ ಒಳಗೆ ಬಂದು ಬಾಗಿಲ ಬಳಿ ನಿಂತ. ತಾನು ಎಣಿಸುವವನಾದ್ದರಿಂದ ತನ್ನನ್ನು ಎಣಿಸಿಕೊಳ್ಳಲಿಲ್ಲ.

ಅವಳು ಎಂಟು ಚೀಲ ಹೊತ್ತು ಹಾಕಿದಳು. ಎಂಟು ಸ್ಟ್ಯಾಂಡ್ ನಿಲ್ಲಿಸಿದಳು. ಎಂಟು ಲೋಟಕ್ಕೆ ಚಹಾ ಬಗ್ಗಿಸಿದಳು. ಆಮೇಲೆ ಶುರುವಾಯಿತು.

ಮುದುಕ ಹೋದ. ಅಧಿಕಾರಿ ಹೋದ. ಕುಂಟ ಹೋದ. ಈ ಸಲ ಕುಂಟುವುದಕ್ಕೆ ನಟನೆ ಬೇಕಾಗಲಿಲ್ಲ. ಹೆಂಗಸು ಹೋದಳು. ಐದನೆಯದು ಕಿವಿ ಮುಚ್ಚುವ ಟೋಪಿ, ಅದಕ್ಕೆ ಕುಡುಕನ ನಡಿಗೆ. ಪೈಪಿನಲ್ಲಿ ಐದನೇ ಸಲ ತೆವಳುವಾಗ ಮೊಣಕಾಲಿನ ಚರ್ಮ ಕಿತ್ತು ನೀರು ಕೆಂಪಾಯಿತು. ಕಪ್ಪೆ ದಾರಿ ಬಿಟ್ಟು ಬಿಟ್ಟು ಸಾಕಾಗಿ ಬೇರೆ ಕಡೆ ಹೋಗಿಬಿಟ್ಟಿತ್ತು.

ತುದಿಗೆ ಬಂದು ತಲೆಯಿಂದ ಮುಚ್ಚಳ ಒತ್ತಿದಳು. ಏಳಲಿಲ್ಲ. ಮತ್ತೆ ಒತ್ತಿದಳು. ಮೇಲೆ ಯಾರೋ ಭಾರದ ಚೀಲ ಇಟ್ಟಿದ್ದರು.

"ಚೀಲ ತೆಗೀರಿ," ಎಂದು ಪಿಸುಗುಟ್ಟಿದಳು.

ಮೇಲಿನಿಂದ ಡಾಕ್ಟರ ಪಿಸುದನಿ ಬಂತು. ಅದು ಅವಳಿಗೆ ಹೇಳಿದ್ದಲ್ಲ. "ನಾನೇ ಇಟ್ಟೆ. ಮುಚ್ಚಳ ತೆಗೆದಾಗಲೆಲ್ಲ ವಾಸನೆ ಬರುತ್ತೆ."

"ಸಾರ್, ನಾನು ಕೆಳಗಿದ್ದೀನಿ."

"ಶ್," ಎಂದರು ಮೇಲೆ ನಾಲ್ಕೈದು ಜನ ಒಟ್ಟಿಗೆ. "ಬೆಳ್ಳಕ್ಕಿ ಬಂದಿದೆ."

ಆಮೇಲೆ ಕ್ಯಾಮೆರಾಗಳ ಕಟಕಟ. ಅವಳು ಪೈಪಿನಲ್ಲಿ ಕತ್ತು ಓರೆ ಮಾಡಿಕೊಂಡು, ತಲೆಯನ್ನು ಮುಚ್ಚಳಕ್ಕೆ ಒತ್ತಿಕೊಂಡು ಕಾದಳು. ನೀರು ಎದೆಗೆ ತಾಗುತ್ತಿತ್ತು. ಮೂಗಿನ ಮೇಲೆ ಏನೋ ಹರಿಯಿತು, ಒರೆಸಲು ಕೈ ಮೇಲೆ ಬರಲಿಲ್ಲ. ಮುಚ್ಚಳದ ಸಂದಿಯಿಂದ ಬಿಸ್ಕತ್ತಿನ ಪುಡಿ ಉದುರಿತು. ಯಾರೋ ಕಾಲು ಚಾಚಿ ಚಪ್ಪಲಿಯನ್ನು ಆ ಚೀಲದ ಮೇಲೆ ಇಟ್ಟುಕೊಂಡರು, ಆ ಭಾರವೂ ಅವಳ ನೆತ್ತಿಗೇ ಬಂತು. ಇಪ್ಪತ್ತು ನಿಮಿಷ. ಅವಳು ಅಳಲಿಲ್ಲ. ಅಲ್ಲಿ ಅಳುವುದಕ್ಕೂ ಜಾಗವಿರಲಿಲ್ಲ.

ಬೆಳ್ಳಕ್ಕಿಗಳು ಹಾರಿಹೋದವು. ಆಗ ಯಾರಿಗೋ ಅವಳ ನೆನಪಾಗಿ ಚೀಲ ಎತ್ತಿದರು.

ಅವಳು ಮೇಲೆ ಬಂದಳು. ತಲೆಯಿಂದ ಕಾಲಿನವರೆಗೆ ಕಪ್ಪು ಕೆಸರು. ಕಿವಿ ಮುಚ್ಚುವ ಟೋಪಿಯನ್ನು ಅಂಗಿಯಿಂದ ತೆಗೆದು ಕೆಳಗೆ ಹಾಕಿದಳು. ಧಣಿ ಆರನೇ ಟೋಪಿ ಚಾಚಿದ. ಅವಳು ತೆಗೆದುಕೊಳ್ಳಲಿಲ್ಲ. ಡಾಕ್ಟರು ಹಿಂದೆ ಸರಿದು ನಿಂತಿದ್ದರು, ಅವರ ಕುರ್ಚಿ ಖಾಲಿಯಿತ್ತು. ಅದರ ಮೆತ್ತೆ ಬಿಳಿ. ಅವಳು ಹೋಗಿ ಅದರಲ್ಲಿ ಕೂತಳು.

ಕೂತ ಮೇಲೆ ಅವಳಿಗೇ ಆಶ್ಚರ್ಯವಾಯಿತು. ಕುರ್ಚಿ ಅಷ್ಟು ಮೆತ್ತಗಿರುತ್ತದೆಂದು ಅವಳು ತಿಳಿದಿರಲಿಲ್ಲ.

"ಏನಿದು?" ಎಂದು ಧಣಿ ಪಿಸುಗುಟ್ಟಿದ.

"ನಾ ಹೋಗಲ್ಲ," ಎಂದು ಅವಳು ಪಿಸುಗುಟ್ಟಿದಳು.

ಇಲ್ಲೊಂದು ವಿಷಯ ಹೇಳಬೇಕು. ಗೂಡಿನಲ್ಲಿ ಯಾರೂ ದನಿ ಎತ್ತುವಂತಿಲ್ಲ. ಎಳೆದಾಡುವಂತಿಲ್ಲ. ದಡಬಡ ಮಾಡುವಂತಿಲ್ಲ. ಇವೆಲ್ಲ ಧಣಿಯೇ ಚೌಕಟ್ಟು ಹಾಕಿಸಿ ಗೋಡೆಗೆ ನೇತುಹಾಕಿದ ನಿಯಮಗಳು. ಹೀಗಾಗಿ ಆ ದಿನದ ಜಗಳವೆಲ್ಲ ಪಿಸುದನಿಯಲ್ಲೇ ನಡೆಯಿತು. ಧಣಿಯ ಕತ್ತಿನ ನರ ಉಬ್ಬಿತು, ಮುಖ ಕೆಂಪಾಯಿತು, ಕೈ ಗಾಳಿಯಲ್ಲಿ ಗುದ್ದಿತು. ಬಾಯಿಯಿಂದ ಬಂದದ್ದು ಮಾತ್ರ ಹಾಲು ಉಕ್ಕುವ ಮುಂಚಿನ ಸದ್ದು.

"ಇನ್ನೂ ಮೂರು ಜನ ಒಳಗಿದ್ದಾರೆ ಅಂತ ಅವಕ್ಕೆ ಗೊತ್ತು. ಕಪ್ಪು ಕೊಕ್ಕರೆ ಹೇಗೆ ಬರುತ್ತೆ? ಎದ್ದೇಳು."

"ಇನ್ಮೇಲೆ ನಾನು ಬಾಗಿಲಲ್ಲಿ ಬರ್ತೀನಿ, ಬಾಗಿಲಲ್ಲಿ ಹೋಗ್ತೀನಿ. ಹಲಗೆ ಮೇಲೆ ನಡೀತೀನಿ. ಆಯಾಸ ಆದ್ರೆ ಕೂತ್ಕೋತೀನಿ. ಆ ಪರದೆ ಹಿಂದೆ ಹೋಗಬೇಕಾದ್ರೆ ಹೋಗ್ತೀನಿ."

"ನಾಳೆಯಿಂದ ಕೆಲಸಕ್ಕೆ ಬರಬೇಡ."

"ನಾಳೆ ಮಾತು ನಾಳೆ. ಇವತ್ತಂತೂ ಹೋಗಲ್ಲ."

ಈ ಕೆಲಸ ಹೋದರೆ ಬೇರೆಯದು ಕೈಯಲ್ಲಿರಲಿಲ್ಲ. ಕುಂಟು ಕಾಲಿನ ನಲವತ್ತೈದರ ಹೆಂಗಸನ್ನು ಯಾರು ಕರೆಯುತ್ತಾರೆ? ಅತ್ತೆಯ ಕಣ್ಣಿನ ಔಷಧಿ ನೆನಪಾಯಿತು. ಆದರೆ ನೆತ್ತಿಯ ಮೇಲೆ ಇನ್ನೂ ಆ ಚಪ್ಪಲಿಯ ಭಾರವಿತ್ತು. ಎರಡನ್ನೂ ತೂಗಿ ನೋಡಿದಳು. ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಂಡಳು.

ಡಾಕ್ಟರು ತಮ್ಮ ಮೆತ್ತೆ ನೋಡಿ ಕಣ್ಣು ಮುಚ್ಚಿಕೊಂಡರು. ವಕೀಲರು ಕೆಮ್ಮನ್ನು ಮಫ್ಲರಿನೊಳಗೆ ಒತ್ತಿಕೊಂಡು, "ಹೊತ್ತಾಗ್ತಿದೆ, ಯಾರಾದ್ರೂ ಒಬ್ಬರು ಹೊರಗೆ ಹೋಗಿ ಸ್ವಾಮಿ," ಎಂದರು. ಎಂಟು ಜೊತೆ ಕಣ್ಣು ಧಣಿಯ ಕಡೆ ತಿರುಗಿದವು.

ಧಣಿ ಆರನೇ ಟೋಪಿಯನ್ನು ತನ್ನ ತಲೆಗೇ ಹಾಕಿಕೊಂಡ. ಹಲಗೆಯ ಮೇಲೆ ಬೂಟು ಟಕಟಕ ಎನ್ನಿಸುತ್ತ ನಡೆದು ಹೋದ. ಅವನು ಹೋಗುವುದನ್ನು ಅವಳು ಸೀಳಿನಿಂದ ನೋಡಿದಳು.

ಮೂರು ವರ್ಷದಲ್ಲಿ ಆ ಸೀಳಿನಿಂದ ಅವಳು ನದಿಯನ್ನು ನೋಡಿದ್ದು ಅದೇ ಮೊದಲು. ಸೀಳು ಒರೆಸಿದ್ದಳು, ಬಲೆ ಹೊಲಿದಿದ್ದಳು, ನೋಡಿರಲಿಲ್ಲ. ನೀರು ಹೊಳೆಯುತ್ತಿತ್ತು. ಮರಳದಿಬ್ಬದ ಮೇಲೆ ಹತ್ತು ಹನ್ನೆರಡು ಬೆಳ್ಳಕ್ಕಿಗಳು ಸಾಲಾಗಿ ನಿಂತಿದ್ದವು. ಹಲಗೆಯ ಮೇಲೆ ಹೋಗುತ್ತಿದ್ದ ಧಣಿಯನ್ನು ಕತ್ತು ಚಾಚಿ ನೋಡಿದವು. ಅವನ ಬೂಟನ್ನೇ ನೋಡಿದವು. ಆಮೇಲೆ ಕತ್ತು ಒಳಗೆಳೆದುಕೊಂಡು ಮತ್ತೆ ಗೂಡಿನ ಬಾಗಿಲಿನ ಕಡೆ ತಿರುಗಿ ಕಾದವು. ಬಸ್ಸಿಗೆ ಕಾಯುವವರ ಹಾಗೆ.

"ಇವು ಯಾರಿಗೆ ಕಾಯ್ತಿವೆ?" ಎಂದು ಡಾಕ್ಟರ ಹೆಂಡತಿ ಕೇಳಿದರು.

ಅಷ್ಟರಲ್ಲಿ ನೆಲದಡಿಯಿಂದ ನರಳಿಕೆ ಕೇಳಿಸಿತು. ಧಣಿ ಪೈಪಿನ ನಡುವೆ ಸಿಕ್ಕಿಕೊಂಡಿದ್ದ.

ಅವಳು ಎದ್ದು, ಮುಚ್ಚಳ ತೆಗೆದು, ಒಳಗೆ ಬಗ್ಗಿದಳು. ಇದು ಅವಳ ಕಸುಬು. "ಉಸಿರು ಹೊರಗೆ ಬಿಡಿ ಸಾರ್," ಎಂದಳು. "ಪೂರ್ತಿ ಬಿಡಿ. ಹೊಟ್ಟೆ ಒಳಗೆ. ಬಲಗೈ ಮುಂದೆ. ಈಗ ಎಡಗಾಲಲ್ಲಿ ಒದೀರಿ."

"ಏನೋ ಮುಟ್ತಿದೆ," ಎಂದಿತು ಪೈಪು.

"ಕಪ್ಪೆ ತಿರುಗಿ ಬಂದಿರಬೇಕು. ಹೆದರಬೇಡಿ, ಒಳ್ಳೇದು. ನೀವೇ ಸ್ವಲ್ಪ ದಾರಿ ಬಿಡಿ."

ಧಣಿ ಮೇಲೆ ಬಂದಾಗ ಯಾರು ಧಣಿ, ಯಾರು ಕೆಸರು ಎಂದು ಹೇಳುವಂತಿರಲಿಲ್ಲ. ಅವನು ಕುರ್ಚಿಗಾಗಿ ಸುತ್ತ ನೋಡಿದ. ಎಂಟು ಕುರ್ಚಿಗಳೂ ತುಂಬಿದ್ದವು. ಒಂದರಲ್ಲಿ ಅವಳು ಮತ್ತೆ ಕೂತಿದ್ದಳು.

"ನಾಯಿ ಹೋಗುತ್ತಲ್ಲ ಸಾರ್," ಎಂದಳು.

ಏಳನೇ ಟೋಪಿಯಲ್ಲಿ ಅವನು ಹೊರಟಾಗ ಅವನ ಬೂಟಿನಲ್ಲಿ ಕೆಸರಿತ್ತು. ಕೆಸರುಗಾಲು ಇಟ್ಟರೆ ಹಲಗೆ ಜಾರುತ್ತದೆಂದು ಅವನೇ ಹೇಳುತ್ತಿದ್ದದ್ದು. ಜಾರಿತು. ಧಣಿ ಎರಡೂ ಕೈ ಆಡಿಸುತ್ತ ಕೆಲಹೊತ್ತು ತಾನೇ ಹಾರುವವನಂತೆ ಕಂಡು, ಆಮೇಲೆ ಧಡಾರನೆ ನೀರಿಗೆ ಬಿದ್ದ. ಎದ್ದು ನಿಂತು ಕಾಲು ಝಾಡಿಸಿದ. ಕೆಸರು ಕದಡಿತು.

ಮರಳದಿಬ್ಬದ ಬೆಳ್ಳಕ್ಕಿಗಳು ಒಮ್ಮೆಗೇ ಎದ್ದು ಹಾರಿ ಬಂದು ಅವನ ಸುತ್ತ ಇಳಿದವು.

ಗೂಡಿನಲ್ಲಿ ಕಟಕಟ ಶುರುವಾಯಿತು. ಅವಳು ಮಾತ್ರ ಹಕ್ಕಿಗಳನ್ನು ನೋಡಲಿಲ್ಲ, ಅವುಗಳ ಕೊಕ್ಕು ನೋಡಿದಳು. ಧಣಿ ಒಂದು ಹೆಜ್ಜೆ ಇಟ್ಟರೆ ನೀರು ರಾಡಿಯಾಗುತ್ತಿತ್ತು. ರಾಡಿಯಿಂದ ಸಣ್ಣ ಮೀನು ದಿಕ್ಕೆಟ್ಟು ಮೇಲೇಳುತ್ತಿತ್ತು. ಕೊಕ್ಕು ಚಕ್ಕನೆ ಎತ್ತಿಕೊಳ್ಳುತ್ತಿತ್ತು. ಒಂದು ಹೆಜ್ಜೆ, ನಾಲ್ಕು ಮೀನು.

ಅವಳಿಗೆ ಎಲ್ಲ ತಿಳಿಯಿತು. ಹಕ್ಕಿಗೆ ಎಣಿಕೆಯೂ ಗೊತ್ತಿಲ್ಲ, ಟೋಪಿಯೂ ಗೊತ್ತಿಲ್ಲ. ಅವಕ್ಕೆ ಗೊತ್ತಿದ್ದದ್ದು ಅವಳ ಕಾಲು. ಅವಳನ್ನು ಹಲಗೆ ಹತ್ತಗೊಡದೆ ನೀರಿಗೆ ಇಳಿಸಿದ್ದಕ್ಕೇ ಹಕ್ಕಿ ಬಂದವು. ಮೂರು ವರ್ಷ ಮುದುಕನಾಗಿ, ಕುಂಟನಾಗಿ, ಸೊಂಟ ಕುಣಿಸಿ, ಚರಂಡಿಯಲ್ಲಿ ತೆವಳಿದ್ದೆಲ್ಲ ಬರೀ ದಂಡ. ಮೊದಲು ಸಿಟ್ಟು ಬಂತು. ಆಮೇಲೆ, ಆ ಬಿಳಿ ಟೋಪಿಯ ನಡಿಗೆ ನೆನಪಾಗಿ, ತಡೆಯಲಾರದಷ್ಟು ನಗು ಬಂತು. ಗೂಡಿನಲ್ಲಿ ನಗುವಂತಿರಲಿಲ್ಲ. ಅಂಗಿಯ ತೋಳು ಬಾಯಿಗೆ ತುರುಕಿಕೊಂಡಳು.

ಕಂಡದ್ದನ್ನು ಅವಳು ಡಾಕ್ಟರ ಹೆಂಡತಿಗೆ ಹೇಳಿದಳು. ಅವರು ವಕೀಲರಿಗೆ ಹೇಳಿದರು. ಪಿಸುಮಾತು ಎಂಟೂ ಕಿವಿಗಳನ್ನು ಸುತ್ತಿ ಬಾಗಿಲಿನಿಂದ ಹೊರಬಿದ್ದು ಧಣಿಯನ್ನು ಮುಟ್ಟಿತು. ಧಣಿ ನೀರಿನಲ್ಲಿ ನಿಂತೇ ಕಣ್ಣರಳಿಸಿದ.

"ಹಾಗಾದ್ರೆ ಪೈಪು ಬೇಡ," ಎಂದ ಅವಳಿಗೆ, ದೊಡ್ಡ ಉಪಕಾರ ಮಾಡುವವನಂತೆ. "ಟೋಪೀನೂ ಬೇಡ. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ನೀರಲ್ಲೇ ತುಳೀತಾ ಇರು. ಸಾಕು. ಬಾ, ಇಳಿ."

"ನೀವು ಈಗಾಗ್ಲೇ ಇಳಿದಿದ್ದೀರಲ್ಲ ಸಾರ್," ಎಂದಳು. "ಅದೂ ನಾಲ್ಕು ಹೆಜ್ಜೆಗೆ ಎಷ್ಟು ಚೆನ್ನಾಗಿ ಬರ್ತಿವೆ. ನನ್ನ ಕಾಲು ನೋಯ್ತಿದೆ. ನಾನು ಕೂತ್ಕೋತೀನಿ."

ಡಾಕ್ಟರಿಗೆ ಅಷ್ಟರಲ್ಲಿ ಬೇರೆ ಯೋಚನೆ ಹೊಳೆದಿತ್ತು. ತುಳಿಯುವವನ ಕಾಲ ಬುಡಕ್ಕೇ ಹಕ್ಕಿ ಬರುವುದಾದರೆ ದೂರ ಯಾಕೆ ಕೂತಿರಬೇಕು? ಸಣ್ಣ ಕ್ಯಾಮೆರಾ ಕೊರಳಿಗೆ ಹಾಕಿಕೊಂಡು, ಪ್ಯಾಂಟು ಮಡಚಿ, ನೀರಿಗೆ ಇಳಿದರು. ಎರಡು ಬೆಳ್ಳಕ್ಕಿ ಅವರ ಹಿಂದೆ ಬಂದವು. ಇದನ್ನು ನೋಡಿ ವಕೀಲರು ಸುಮ್ಮನಿರುತ್ತಾರೆಯೇ? ಅವರು ಇಳಿದರು. ಐದು ಜೇಬು ಜೇಬಿನ ಅಂಗಿಗಳು ಇಳಿದವು. ಬೆಳ್ಳಕ್ಕಿ ನನ್ನ ಕಡೆ, ನಿನ್ನ ಕಡೆ ಎಂದು ಎಲ್ಲರೂ ತುಳಿದರು. ಊರಿನ ದೊಡ್ಡವರೆಲ್ಲ ಬಿಳಿ ಬಿಳಿ ಕಾಲು ಬಿಟ್ಟುಕೊಂಡು, ರಾಗಿ ತುಳಿಯುವವರಂತೆ ಕೆಸರು ತುಳಿಯುತ್ತ, ಮೀನು ಇದ್ದ ಕಡೆಗೆ ಹೊರಳಿಕೊಂಡು ನದಿಯ ತಿರುವಿನವರೆಗೆ ಹೋದರು. ಹಕ್ಕಿಗಳೂ ಹೋದವು. ಧಣಿಯೂ ಹೋದ.

ಕೊನೆಗೆ ಉಳಿದವರು ಡಾಕ್ಟರ ಹೆಂಡತಿ. ಅವರ ದೊಡ್ಡ ಕ್ಯಾಮೆರಾ ಭಾರ. ಅದನ್ನು ಅವಳ ಮುಂದೆ ಸರಿಸಿ ಒಂದು ಗುಂಡಿ ತೋರಿಸಿದರು.

"ನಾನು ಅಲ್ಲಿ ಹೋಗಿ ಕೈ ಬೀಸ್ತೀನಿ. ಆಗ ಇದನ್ನ ಒತ್ತು. ಹಕ್ಕಿ ಜೊತೆ ನಾನೂ ಬರಬೇಕು."

ಅವರೂ ಹೋದರು. ಗೂಡು ಖಾಲಿಯಾಯಿತು.

ಅವಳು ಮೊದಲು ಪರದೆಯ ಹಿಂದೆ ಹೋಗಿ ಬಂದಳು. ಆಮೇಲೆ ಒಂದು ಲೋಟ ಚಹಾ ಬಗ್ಗಿಸಿಕೊಂಡು ಕುರ್ಚಿಯಲ್ಲಿ ಕೂತಳು. ಎಂಟನೇ ಟೋಪಿ, ಹೂವಿನದು, ಪಕ್ಕದ ಕುರ್ಚಿಯ ಮೇಲೆ ಬಿದ್ದಿತ್ತು. ಅದನ್ನು ಎತ್ತಿ ಮಡಿಲಲ್ಲಿ ಇಟ್ಟುಕೊಂಡಳು. ದೂರದ ತಿರುವಿನಿಂದ ಗದ್ದಲ ಕೇಳಿಸುತ್ತಿತ್ತು. ಅಲ್ಲಿ ಪಿಸುಗುಟ್ಟುವ ನಿಯಮ ಯಾರಿಗೂ ನೆನಪಿರಲಿಲ್ಲ.

ಆ ಗದ್ದಲಕ್ಕೇ ಇರಬೇಕು, ತಿರುವಿನ ಜೊಂಡಿನಿಂದ ಒಂದು ದೊಡ್ಡ ಹಕ್ಕಿ ಎದ್ದಿತು. ಅಗಲ ರೆಕ್ಕೆ. ಯಾರೂ ಅತ್ತ ನೋಡಲಿಲ್ಲ, ಎಲ್ಲರ ಕಣ್ಣೂ ತಮ್ಮ ತಮ್ಮ ಕಾಲಿನ ಮೇಲಿತ್ತು. ಅದು ನೀರಿನ ಮೇಲೆ ತಗ್ಗಿನಲ್ಲಿ ಹಾರಿ ಬಂದು, ಎದುರು ದಂಡೆಗೆ ಹೋಗದೆ, ಗೂಡಿನ ಸುತ್ತ ಒಂದು ಸುತ್ತು ಹಾಕಿ, ಸೀಳಿನ ಮುಂದೆಯೇ ಹತ್ತು ಮೊಳ ದೂರದಲ್ಲಿ ಇಳಿಯಿತು.

ಕೆಂಪು ಕಾಲು. ಕೆಂಪು ಕೊಕ್ಕು. ಕತ್ತಿನ ಕಪ್ಪಿನಲ್ಲಿ ಹಸಿರೂ ನೇರಳೆಯೂ ಹರಿದಾಡುತ್ತಿದ್ದವು. ಫಲಕದ ಮೇಲಿನ ಕೋಳಿಗೂ ಇದಕ್ಕೂ ಸಂಬಂಧವೇ ಇರಲಿಲ್ಲ. ಅದು ರೆಕ್ಕೆ ಮಡಚಿತು, ಮೈ ಸಡಿಲ ಬಿಟ್ಟಿತು, ನಿಶ್ಚಿಂತೆಯಿಂದ ಕೊಕ್ಕಿನಲ್ಲಿ ಎದೆಯ ಗರಿ ತೀಡಿಕೊಳ್ಳತೊಡಗಿತು. ಸುತ್ತಮುತ್ತ ಯಾರೂ ಇಲ್ಲವೆಂಬಂತೆ.

ಅವಳು ಚಹಾದ ಲೋಟ ಹಿಡಿದಲ್ಲೇ ಹಿಡಿದಳು. ಎಂಟು ಜನ ಒಳಗೆ ಬಂದಿದ್ದ ಗೂಡಿನಿಂದ ಎಂಟು ಜನ ಹೊರಗೆ ಹೋಗಿದ್ದರು. ಈ ಒಂದು ಹಕ್ಕಿ ಎಣಿಸಿತ್ತೋ ಏನೋ. ಎಣಿಸಿ, ಧಣಿ ಹೇಳಿದ ಹಾಗೇ, ಅವಳನ್ನು ಬಿಟ್ಟಿತ್ತೋ ಏನೋ. "ನಿನ್ನನ್ನ ಯಾಕೆ ಎಣಿಸ್ತವೆ?" ಚಂದದ ಹಕ್ಕಿ. ಆದರೆ ಅವಳಿಗೆ ಎದೆಯಲ್ಲಿ ಉರಿ ಎದ್ದಿತು. ಧಣಿಯಿಂದ ಆ ಮಾತು ಕೇಳಿಯಾಗಿತ್ತು. ಇನ್ನು ಕೊಕ್ಕರೆಯಿಂದಲೂ ಕೇಳಬೇಕೆ?

ಲೋಟ ಕೆಳಗಿಟ್ಟಳು. ಪಿಸುಗುಟ್ಟಲಿಲ್ಲ. ಮೂರು ವರ್ಷದಲ್ಲಿ ಆ ಗೂಡಿನೊಳಗೆ ಮೊದಲ ಸಲ ಒಬ್ಬರು ಬಾಯಿ ತುಂಬ ಮಾತಾಡಿದರು.

"ನಾನೊಬ್ಬಳು ಒಳಗಿದ್ದೀನಿ. ಎಣಿಸ್ಕೊ."

ಕೊಕ್ಕರೆ ತಲೆ ಎತ್ತಿತು. ಕತ್ತು ಓರೆ ಮಾಡಿ ಒಂದು ಕಣ್ಣಿನಿಂದ ಸೀಳಿನೊಳಗೆ ನೋಡಿತು. ಕೆಸರಿನ ಕೂದಲು, ಕಿತ್ತ ಮೊಣಕಾಲು, ಮಡಿಲಿನ ಹೂವಿನ ಟೋಪಿ, ಎಲ್ಲವನ್ನೂ ಸಾವಕಾಶವಾಗಿ ನೋಡಿತು. ಹಾರಲಿಲ್ಲ. ಒಂದು ಹೆಜ್ಜೆ ಹತ್ತಿರ ಬಂತು.

ದನಿ ತಿರುವಿನವರೆಗೂ ಹೋಗಿತ್ತು. ಅಲ್ಲಿ ಒಂಬತ್ತು ತಲೆಗಳು ಒಟ್ಟಿಗೆ ತಿರುಗಿದವು. ತಿರುಗಿ, ಕಂಡು, ಇದ್ದಲ್ಲೇ ಕಲ್ಲಾದವು. ಉದ್ದ ಲೆನ್ಸುಗಳೆಲ್ಲ ಗೂಡಿನಲ್ಲಿದ್ದವು. ಅಲುಗಿದರೆ ಹಕ್ಕಿ ಹಾರುತ್ತದೆ, ಕೂಗಿದರೂ ಹಾರುತ್ತದೆ. ಧಣಿ ಮೊಣಕಾಲುದ್ದದ ನೀರಿನಲ್ಲಿ ನಿಂತು, ತಲೆಯ ಮೇಲೆ ಏಳನೇ ಟೋಪಿ ಇಟ್ಟುಕೊಂಡೇ, ಬೆರಳಿನಿಂದ ಗಾಳಿಯನ್ನು ಒತ್ತಿ ಒತ್ತಿ ತೋರಿಸಿದ. ಒತ್ತು, ಒತ್ತು. ಆಮೇಲೆ ಎರಡೂ ಕೈ ಜೋಡಿಸಿದ.

ಗುಂಡಿ ಎಲ್ಲಿದೆಯೆಂದು ಅವಳಿಗೆ ಗೊತ್ತಿತ್ತು.

ಅವಳು ಹೂವಿನ ಟೋಪಿಯನ್ನು ಎತ್ತಿ ಆ ದೊಡ್ಡ ಲೆನ್ಸಿನ ಮೂತಿಗೆ ಹಾಕಿದಳು. ಸರಿಯಾಗಿ ಕೂತಿತು. ಆಮೇಲೆ ಪಕ್ಕದ ಕುರ್ಚಿಯನ್ನು ಹತ್ತಿರ ಎಳೆದುಕೊಂಡು, ಊದಿದ ಕಾಲನ್ನು ಅದರ ಬಿಳಿ ಮೆತ್ತೆಯ ಮೇಲೆ ಚಾಚಿ, ಆರುತ್ತಿದ್ದ ಚಹಾ ಕುಡಿಯುತ್ತ ಕೊಕ್ಕರೆಯನ್ನು ನೋಡುತ್ತ ಕೂತಳು.